ನಾನು ಅನುವಾದಿಸದೆ ಬಿಟ್ಟ ಮಾತು

ಕೊಪ್ಪ, ಹೊರಡುವ ಮುನ್ನ

ಸ್ವಿಟ್ಜರ್ಲೆಂಡಿಗೆ ಹೋಗಬೇಕೆಂಬ ಆಸೆ ನಮ್ಮ ಅಣ್ಣಯ್ಯನಿಗೆ ಇರಲಿಲ್ಲ. ಹೋಗುವವರ ಪಟ್ಟಿಯಲ್ಲಿ ಅವನ ಹೆಸರಿತ್ತು, ಅಷ್ಟೇ. ಅಲ್ಲಿಯ ಹೈನುಗಾರಿಕೆ ನೋಡಿಬರಲು ನಮ್ಮ ಕಡೆಯ ಎಂಟು ಜನ ರೈತರನ್ನು ಕಳಿಸುವ ಏರ್ಪಾಡಾಗಿತ್ತು. ಒಬ್ಬೊಬ್ಬರೂ ಮನೆಯವರಲ್ಲಿ ಒಬ್ಬರನ್ನು ಜೊತೆಗೆ ಕರೆತರಬಹುದಿತ್ತು. ಅತ್ತಿಗೆ ಮೊದಲ ದಿನವೇ ಹೇಳಿಬಿಟ್ಟರು: "ನಾನ್ ಬರಾಕಿಲ್ಲ. ನೆಲ ಬುಟ್ ಮೇಲಕ್ಕೋದ್ರೆ ನಂಗೆ ತಲೆ ಸುತ್ತದೆ. ನಿಮ್ ತಂಗೀನ್ ಕರ್ಕಂಡೋಗಿ. ಇಂಗ್ಲೀಸು ಬತ್ತದೆ, ಇಸ್ಕೂಲಿಗೂ ರಜ ಐತೆ."

ಹೀಗೆ ಮದ್ದೂರು ಕಡೆಯ ಕೊಪ್ಪದ ಪಕ್ಕದ ಹಳ್ಳಿಯೊಂದರ ಸರ್ಕಾರಿ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಪಾಠ ಮಾಡುವ ನಾನು, ಐವತ್ತಮೂರನೆಯ ವಯಸ್ಸಿನಲ್ಲಿ ಮೊದಲ ಸಲ ಪಾಸ್‌ಪೋರ್ಟಿಗೆಂದು ಫೋಟೋ ತೆಗೆಸಿಕೊಂಡೆ. ಅತ್ತಿಗೆ ಗೊತ್ತಿದ್ದೂ ಗೊತ್ತಿಲ್ಲದವರಂತೆ ಇದ್ದ ಒಂದು ಸಂಗತಿಯೆಂದರೆ, ಹೊರಡುವ ಹೊತ್ತಿಗೆ ನಾನೂ ಅಣ್ಣಯ್ಯನೂ ಸರಿಯಾಗಿ ಮಾತಾಡಿ ನಾಲ್ಕು ತಿಂಗಳಾಗಿತ್ತು.

ಕಾರಣ ರೂಪ. ನನ್ನ ಎಂಟನೇ ತರಗತಿಯ ಹುಡುಗಿ, ಹದಿಮೂರು ವರ್ಷ. ಸಂಕ್ರಾಂತಿ ಮುಗಿದ ಮೇಲೆ ಎರಡು ವಾರ ಅವಳು ಶಾಲೆಗೆ ಬಂದಿರಲಿಲ್ಲ. ಒಂದು ಬೆಳಿಗ್ಗೆ ಶಾಲೆಗೆ ಹೋಗುವ ಬಸ್ಸಿನ ಕಿಟಕಿಯಿಂದ ನೋಡಿದರೆ ನಮ್ಮಣ್ಣಯ್ಯನ ಕಬ್ಬಿನ ಗದ್ದೆಯಲ್ಲೇ ಇದ್ದಳು. ಕಬ್ಬು ಕಡಿಯುವವರ ಹಿಂದೆ ಅವಳೂ ಅವಳ ಅವ್ವ ಮಹದೇವಮ್ಮನೂ ಸೋಗೆ ಆಯ್ದು ಕಂತೆ ಕಟ್ಟುತ್ತಿದ್ದರು. ಬಸ್ಸು ನಿಲ್ಲಿಸಿ ಇಳಿದೆ. ಬದುವಿನ ಮೇಲೆ ನಡೆದುಹೋಗಿ ಅವಳ ಕೈ ಹಿಡಿದೆ. ಕಬ್ಬಿನ ಗರಿ ಗೀರಿ ಮೊಣಕೈವರೆಗೂ ಕೆಂಪು ಗೆರೆಗಳು. "ನಡಿ ಶಾಲೆಗೆ" ಎಂದು ಎಲ್ಲರ ಮುಂದೆ ಎಳೆದುಕೊಂಡು ಬಂದು, ಮಣ್ಣಿನ ಕಾಲಲ್ಲೇ ತರಗತಿಯಲ್ಲಿ ಕೂರಿಸಿದೆ. ದೊಡ್ಡ ಕೆಲಸ ಮಾಡಿದೆನೆಂಬ ಬಿಸಿ ಆ ದಿನವೆಲ್ಲ ಮೈಯಲ್ಲಿತ್ತು.

ಸಂಜೆ ಅಣ್ಣಯ್ಯನ ಮನೆಗೆ ಹೋದೆ. ಅವನು ಹಸುಗಳಿಗೆ ಬೂಸ ಕಲೆಸುತ್ತಿದ್ದ.

"ಆಳ್ಗಳ್ ಮುಂದೆ ನನ್ ಮರ್ವಾದೆ ತೆಗುದ್ಬುಟ್ಟಲ್ಲಮ್ಮಿ," ಅಂದ. "ನಾನೇನ್ ಆ ಹುಡ್ಗೀನ ಕರೆಸಿದ್ನಾ? ಅವ್ರವ್ವ ಕರ್ಕಂಡ್ ಬಂದ್ಲು. ಕೂಲಿ ಕೊಟ್ಟೆ. ಬೇಡ ಅನ್ನಕೆ ನಾನ್ಯಾರು?"

"ಅವಳಿಗೆ ಹದಿಮೂರು ಅಣ್ಣಯ್ಯ. ಕಾನೂನು ಒಪ್ಪಲ್ಲ."

"ಕೆಲ್ಸ ಕಲ್ತು ಯಾರೂ ಕೆಟ್ಟೋಗಿಲ್ಲ ಕಣಮ್ಮಿ. ಅವ್ಳ ವಯಸ್ಗೆ ನಾನು ಏರು ಕಟ್ಟಿ ಗದ್ದೆ ಉಳ್ತಿದ್ದೆ."

"ನಿನ್ನ ಮಗಳನ್ನ ಒಂದು ದಿನ ಗದ್ದೆಗೆ ಇಳಿಸಿದ್ಯಾ?"

ಅವನ ಮಗಳು ಮೈಸೂರಿನಲ್ಲಿ ನರ್ಸು. ಅವನು ಬಕೆಟ್ಟು ಎತ್ತಿಕೊಂಡು ಕೊಟ್ಟಿಗೆಯೊಳಕ್ಕೆ ಹೋದ. ನಾನು ಗೆದ್ದವಳಂತೆ ಮನೆಗೆ ಬಂದೆ. ಮೂರು ದಿನ ಕಳೆದ ಮೇಲೆ ತಿಳಿಯಿತು: ಅವಮಾನ ತಡೆಯದ ಮಹದೇವಮ್ಮ ಮಗಳನ್ನು ಮಳವಳ್ಳಿ ಕಡೆಯ ತನ್ನ ತಂಗಿಯ ಊರಿಗೆ ಕಳಿಸಿಬಿಟ್ಟಿದ್ದಳು. ಅಲ್ಲಿ ಶಾಲೆಗೆ ಸೇರಿರಬಹುದು ಅಂದುಕೊಂಡೆ. ಸೇರುವವರು ವರ್ಗಾವಣೆ ಪತ್ರ ಕೇಳಬೇಕಿತ್ತು. ಯಾರೂ ಕೇಳಲಿಲ್ಲ. ನಾನೂ ವಿಚಾರಿಸಲಿಲ್ಲ.

ಬೆಟ್ಟದ ಬುಡದ ಊರು

ಮೇ ತಿಂಗಳ ಕೊನೆ. ಸ್ವಿಟ್ಜರ್ಲೆಂಡಿನಲ್ಲಿ ನಮ್ಮಿಬ್ಬರನ್ನು ಇಳಿಸಿದ ಊರಿನಲ್ಲಿ ಮೂವತ್ತು ಮನೆಗಳಿದ್ದರೆ ಹೆಚ್ಚು. ಪ್ರತಿ ಇಬ್ಬರಿಗೂ ಒಂದೊಂದು ರೈತರ ಮನೆ. ನಮ್ಮ ಪಾಲಿಗೆ ಬಂದವಳು ರೆಗುಲಾ ಎಂಬ ಹೆಂಗಸು. ಅವಳ ಗಂಡ ಎಳೆಯ ಕರುಗಳೊಂದಿಗೆ ಮೇಲಿನ ಬೆಟ್ಟದಲ್ಲಿದ್ದ. ಮನೆಯಲ್ಲಿ ಅವಳು, ಹನ್ನೆರಡು ವರ್ಷದ ಮಗಳು ಲೀನಾ, ಅಂಗಳದಾಚೆಯ ಸಣ್ಣ ಮನೆಯಲ್ಲಿ ಅವಳ ಅಪ್ಪ ವಾಲ್ಟರ್. ಎಂಬತ್ತಕ್ಕೆ ಹತ್ತಿರದ ಮುದುಕ, ಮಾತು ಕಡಿಮೆ. ರೆಗುಲಾಗೆ ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು. ಮುದುಕನಿಗೆ ಅವರ ಊರಿನ ಜರ್ಮನ್ ಮಾತ್ರ.

ಆ ಊರಿನಲ್ಲಿ ಎದುರಿಗೆ ಸಿಕ್ಕವರೆಲ್ಲ, ಗುರುತಿರಲಿ ಇಲ್ಲದಿರಲಿ, "ಗ್ರೂಯೆಟ್ಸಿ" ಎಂದು ನಮಸ್ಕಾರ ಹೇಳುತ್ತಾರೆ. ನಾಲಗೆಯ ತುದಿಯಲ್ಲಿ, ಬೇಗ. ಅಣ್ಣಯ್ಯನ ಕಿವಿಗೆ ಅದು "ಗುರುತೈತಾ" ಎಂದು ಬಿದ್ದಿತ್ತು. ಎರಡು ದಿನ ಅವನು ಸಿಕ್ಕಸಿಕ್ಕವರಿಗೆಲ್ಲ ತಲೆಯಾಡಿಸಿ, "ಐತೆ, ಐತೆ" ಎನ್ನುತ್ತಿದ್ದ. ಅವರೂ ನಗುತ್ತ ಹೋಗುತ್ತಿದ್ದರು. ನನಗೆ ವಿಷಯ ತಿಳಿದಾಗ ಹೇಳಬೇಕೋ ಬೇಡವೋ ಎಂದು ಯೋಚಿಸಿ, ಹೇಳಲಿಲ್ಲ. ನಮ್ಮಲ್ಲಿ ಹೊಸಬರನ್ನು ಕಂಡರೆ "ಯಾವೂರು, ಯಾರ ಮನೇಗೆ" ಎಂದು ಕೇಳದೆ ಬಿಡುವುದಿಲ್ಲ. ಇಲ್ಲಿ ನಮಸ್ಕಾರ ಹೇಳುತ್ತಾರೆ, ಮುಂದಕ್ಕೆ ಒಂದು ಮಾತೂ ಕೇಳುವುದಿಲ್ಲ. ಯಾವುದು ಹೆಚ್ಚು ಮರ್ಯಾದೆಯೋ ನನಗೆ ಇನ್ನೂ ತೀರ್ಮಾನವಾಗಿಲ್ಲ.

ಮೊದಲ ಸಂಜೆ ಅಣ್ಣಯ್ಯ ಹುಲ್ಲುಗಾವಲಿನ ತಂತಿಬೇಲಿಗೆ ಕೈಯಿಟ್ಟು ಬೆಟ್ಟ ನೋಡಲು ಹೋಗಿ ಮಾರುದೂರ ಹಾರಿದ. ದನ ತಡೆಯಲೆಂದು ತಂತಿಯಲ್ಲಿ ಸಣ್ಣ ವಿದ್ಯುತ್ ಹರಿಸಿರುತ್ತಾರೆ. "ನಮ್ಮೂರಲ್ಲಿ ಮೋಟ್ರಿಗೇ ಕರೆಂಟಿಲ್ಲ, ಇವ್ರು ಬೇಲಿಗೂ ಕೊಟ್ಟವ್ರೆ," ಎಂದು ಕೈ ಉಜ್ಜಿಕೊಂಡ. ನಾಲ್ಕು ತಿಂಗಳಲ್ಲಿ ಅವನು ನನ್ನತ್ತ ನೋಡಿ ನಕ್ಕಿದ್ದು ಅದೇ ಮೊದಲು.

ಕೊಟ್ಟಿಗೆ ಅವನಿಗೆ ಬಹಳ ಹಿಡಿಸಿತು. ಒಂದೊಂದು ಹಸುವಿನ ತಲೆಯ ಮೇಲೂ ಕಪ್ಪು ಹಲಗೆಯಲ್ಲಿ ಸೀಮೆಸುಣ್ಣದಿಂದ ಅದರ ಹೆಸರು ಬರೆದಿತ್ತು. ಲೀನಾ ಬರೆದದ್ದು. ಅವನು ಒಂದೊಂದರ ಹೆಸರನ್ನೂ ನನ್ನಿಂದ ಓದಿಸಿಕೊಂಡು, ತನ್ನ ಬಾಯಿಗೆ ಬಂದಂತೆ ಕರೆದು, ಕತ್ತಿನ ಕೆಳಗಿನ ಗಂಗೆದೊಗಲು ಸವರಿ ಮಾತಾಡಿಸಿದ. ಹಸುಗಳಿಗೆ ಅವನ ಭಾಷೆ ತೊಡಕಾಗಲಿಲ್ಲ.

ಬುಧವಾರದ ಹುಲ್ಲು

ಆ ದೇಶದಲ್ಲಿ ಬುಧವಾರ ಮಧ್ಯಾಹ್ನದ ಮೇಲೆ ಮಕ್ಕಳಿಗೆ ಶಾಲೆಯಿಲ್ಲ. ಅಂದು ಬಿಸಿಲಿತ್ತು. ಹಿಂದಿನ ದಿನ ಕೊಯ್ದು ಹರಡಿದ ಹುಲ್ಲನ್ನು ಒಣಗುತ್ತಿದ್ದಂತೆ ಸಾಲಾಗಿ ಎಳೆದು, ಅದನ್ನು ತುಂಬಿಕೊಳ್ಳುವ ಯಂತ್ರ ಬರುವ ಮೊದಲು ಇಳಿಜಾರಿನಿಂದ ಕೆಳಕ್ಕೆ ತರಬೇಕು. ಮಳೆ ಬಿದ್ದರೆ ಚಳಿಗಾಲದ ಮೇವು ಹಾಳು. ಊಟ ಮುಗಿಯುತ್ತಿದ್ದಂತೆ ಲೀನಾ ತನಗಿಂತ ಉದ್ದದ, ತುದಿಯಲ್ಲಿ ಹಲ್ಲುಗಳಿದ್ದ ಮರದ ಕೈಕುಂಟೆ ಹಿಡಿದು ಹೊರಟಳು. ಇಳಿಜಾರಿನಲ್ಲಿ ಅವಳ ಕಾಲು ಮೇಕೆಯ ಕಾಲಿನಂತೆ ನಿಲ್ಲುತ್ತಿತ್ತು. ಅಣ್ಣಯ್ಯ ಸುಮ್ಮನೆ ನೋಡಿಕೊಂಡಿರುವ ಆಸಾಮಿಯಲ್ಲ. ತಾನೂ ಒಂದು ಕುಂಟೆ ತೆಗೆದುಕೊಂಡ. ಕಾಲು ಗಂಟೆಯಲ್ಲಿ ಅವರ ಎಳೆತ ಕಲಿತುಬಿಟ್ಟ.

ನನಗೆ ಕೆಲಸ ಬರುತ್ತಿರಲಿಲ್ಲ. ಬದಿಯಲ್ಲಿ ನಿಂತಿದ್ದೆ. ಅವನು ಬೆವರು ಒರೆಸಿಕೊಳ್ಳುತ್ತ ನನ್ನ ಹತ್ತಿರ ಬಂದು, ಲೀನಾಳ ಕಡೆ ಗದ್ದ ಎತ್ತಿ ತೋರಿಸಿದ.

"ನೋಡ್ದಾ ಮಿಸ್ಸಮ್ಮ? ಎಸ್ಟ್ ವರ್ಸ ಇದುಕ್ಕೆ, ಅನ್ನೆಲ್ಡಾ? ಓಗು, ಕೈ ಇಡ್ದು ಎಳ್ಕಂಡ್ ಬಾ ನೋಡುವಾ. ಇವ್ರವ್ವುಂಗೂ ಕಾನೂನು ಯೋಳು."

ಇದು ಅವಳ ಮನೆಯ ಹುಲ್ಲು, ಇದು ಶಾಲೆಯಿಲ್ಲದ ಹೊತ್ತು, ಬೆಳಿಗ್ಗೆ ಅವಳು ಲೆಕ್ಕದ ಪಾಠ ಮುಗಿಸಿಯೇ ಬಂದವಳು. ಮನೆಗೆಲಸಕ್ಕೂ ಕೂಲಿಗೂ ನಮ್ಮ ಕಾನೂನಿನಲ್ಲೂ ಬೇರೆ ಬೇರೆ ಲೆಕ್ಕವಿದೆ. ಇದನ್ನೆಲ್ಲ ಹೇಳಬಹುದಿತ್ತು. ಆದರೆ ಲೀನಾ ಕುಂಟೆ ಎಳೆಯುವಾಗ ಅವಳ ಮುಖದಲ್ಲಿದ್ದ ಖುಷಿ ನಿಜವಾಗಿತ್ತು, ಅಣ್ಣಯ್ಯನ ಮುಖದಲ್ಲಿದ್ದುದೂ ನಿಜವಾಗಿತ್ತು. ನಾನೊಬ್ಬಳೇ ಅಲ್ಲಿ ದೊಣ್ಣೆನಾಯಕನಂತೆ ನಿಂತಿದ್ದೆ.

ನಾಲ್ಕು ಗಂಟೆಗೆ ಚರ್ಚಿನ ಗಂಟೆ ಹೊಡೆಯಿತು. ಲೀನಾ ಕುಂಟೆ ನೆಲಕ್ಕಿಟ್ಟಳು. ರೆಗುಲಾ ಮೇಲಿನಿಂದ ಏನೋ ಕೂಗಿದಳು, ಇನ್ನೂ ಎರಡು ಸಾಲಿದೆ ಎಂದಿರಬೇಕು. ಹುಡುಗಿ ತಲೆಯಾಡಿಸಿ ಏನೋ ಹೇಳಿದಳು. ರೆಗುಲಾ ಒಂದು ಗಳಿಗೆ ಮುಗಿಲು ನೋಡಿದಳು, ಆಮೇಲೆ ಸರಿ ಎನ್ನುವಂತೆ ಕೈಬೀಸಿದಳು. ಲೀನಾ ಇಳಿಜಾರಿನಲ್ಲಿ ಓಡಿಹೋದಳು. ಊರಿನ ವಾದ್ಯದವರ ಜೊತೆ ತುತ್ತೂರಿ ಅಭ್ಯಾಸವಂತೆ.

ಅಣ್ಣಯ್ಯ ಕುಂಟೆಗೆ ಒರಗಿ ನಿಂತು ನೋಡಿದ. "ಒಂಟೇ ಓದ್ಲಲ್ಲಮ್ಮಿ! ಮೋಡ ಬೇರೆ ಕಟ್ತಾ ಐತೆ."

"ಹೂಂ."

"ಅವ್ರವ್ವ ಏನೂ ಅನ್ಲಿಲ್ಲ."

"ಇಲ್ಲ."

ಉಳಿದ ಎರಡು ಸಾಲನ್ನು ಅವನೇ ಎಳೆದ. ಕೆಳಗೆ ಬೆಂಚಿನ ಮೇಲೆ ಕೂತಿದ್ದ ವಾಲ್ಟರ್ ಅವನನ್ನೇ ನೋಡುತ್ತಿದ್ದ.

ವಾಲ್ಟರನ ಬೆಂಚು

ಮಾರನೆಯ ದಿನ ಬೆಳಿಗ್ಗೆ ಮುದುಕ ಅಣ್ಣಯ್ಯನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡ. ನಾನೂ ರೆಗುಲಾಳೂ ಎದುರಿಗೆ ಎರಡು ಸ್ಟೂಲಿನ ಮೇಲೆ. ಅವನು ಜರ್ಮನ್‌ನಲ್ಲಿ ಹೇಳುವುದು, ಅವಳು ಇಂಗ್ಲಿಷಿಗೆ ತರುವುದು, ನಾನು ಕನ್ನಡಕ್ಕೆ. ಆ ದಾರಿಯಲ್ಲಿ ಎಷ್ಟೋ ಸೋರಿಹೋಗಿರಬಹುದು. ಉಳಿದದ್ದು ಇಷ್ಟು.

ನಿನ್ನೆ ನಿನ್ನ ಕೈ ನೋಡಿದೆ, ಎಂದ ಮುದುಕ. ಇವು ಚಿಕ್ಕಂದಿನಿಂದ ದುಡಿದ ಕೈ.

ಅಣ್ಣಯ್ಯ ಅಂಗೈ ತೆರೆದು ನೋಡಿಕೊಂಡು, ಹೌದೆಂದ.

ವಾಲ್ಟರ್ ತನ್ನ ಕಥೆ ಹೇಳಿದ. ಅಪ್ಪ ಇಲ್ಲ, ಅವ್ವನಿಗೆ ಸಾಕುವ ಶಕ್ತಿಯಿಲ್ಲ. ಏಳು ವರ್ಷದವನಿದ್ದಾಗ ಊರಿನ ಹಿರಿಯರೇ ಅವನನ್ನು ಬೇರೆ ಕಣಿವೆಯ ಒಬ್ಬ ರೈತನಿಗೆ ಒಪ್ಪಿಸಿದರು. ಅಂಥ ಮಕ್ಕಳು ಆ ಕಾಲಕ್ಕೆ ಊರೂರಲ್ಲೂ ಇದ್ದರಂತೆ. ಬೆಳಗಿನ ಜಾವ ಹಾಲು ಕರೆಯುವುದು, ಸಗಣಿ ಬಾಚುವುದು, ಆಮೇಲೆ ಶಾಲೆ. ಅಲ್ಲಿ ನಿದ್ದೆ ಹೋದರೆ ಮೇಷ್ಟರ ಬೆತ್ತ. ಮಲಗುವುದು ಕೊಟ್ಟಿಗೆಯ ಅಟ್ಟದಲ್ಲಿ. ಹದಿನಾರರ ತನಕ.

ಅಣ್ಣಯ್ಯ ನನ್ನ ಕಡೆ ತಿರುಗಿ, "ಒಡೀತಿದ್ರಾ ಆ ಮನೆಯೋರು, ಕೇಳು," ಅಂದ.

ಕೇಳಿದೆ. ಮುದುಕ ಸ್ವಲ್ಪ ಯೋಚಿಸಿದ. ಹೊಡೆದಿರಬೇಕು, ಎಂದ. ಅದು ಅಷ್ಟು ನೆನಪಿಲ್ಲ. ಒಂಬತ್ತು ವರ್ಷದಲ್ಲಿ ಅವರು ಒಂದು ಸಲವೂ ನನ್ನ ಹೆಸರು ಹಿಡಿದು ಕರೆಯಲಿಲ್ಲ. ಹುಡುಗ ಅನ್ನುತ್ತಿದ್ದರು. ಹುಡುಗ ಬಂದನಾ, ಹುಡುಗನಿಗೆ ಹೇಳು. ಹಸುಗಳಿಗೆ ಹೆಸರಿತ್ತು.

"ಊರವರು ಏನೂ ಹೇಳಲಿಲ್ಲವೆ?" ಎಂದು ನಾನೇ ಕೇಳಿದೆ.

ಎಲ್ಲರಿಗೂ ಗೊತ್ತಿತ್ತು, ಎಂದ. ಎಲ್ಲರೂ ಒಳ್ಳೆಯವರೇ. ಕೆಲಸದಿಂದ ಯಾರೂ ಕೆಡುವುದಿಲ್ಲ ಅನ್ನುತ್ತಿದ್ದರು. ಬಹಳ ವರ್ಷದ ಮೇಲೆ ಸರ್ಕಾರ ನಮ್ಮಂಥವರ ಕ್ಷಮೆ ಕೇಳಿತು. ಅಷ್ಟು ಹೊತ್ತಿಗೆ ಆ ಮನೆಯವರಲ್ಲಿ ಯಾರೂ ಬದುಕಿರಲಿಲ್ಲ.

ಆ ನಡುವಿನ ಮಾತನ್ನು ಕನ್ನಡಕ್ಕೆ ತರುವಾಗ ನಾನು ಬೇಕೆಂದೇ ಅಣ್ಣಯ್ಯ ಜನವರಿಯಲ್ಲಿ ಆಡಿದ ಪದಗಳನ್ನೇ ಬಳಸಿದೆ: ಕೆಲಸ ಕಲಿತು ಯಾರೂ ಕೆಟ್ಟುಹೋಗಿಲ್ಲ ಅಂತಿದ್ದರಂತೆ. ಅದು ಸಣ್ಣತನ. ಅವನು ಗಮನಿಸಿದ. ನನ್ನನ್ನು ಒಮ್ಮೆ ನೋಡಿದ.

ಆಮೇಲೆ ವಾಲ್ಟರ್ ಕೇಳಿದ: ನೀನು ಎಷ್ಟನೇ ವಯಸ್ಸಿಗೆ ಶುರುಮಾಡಿದೆ? ಯಾರು ಹಚ್ಚಿದರು?

ಅಣ್ಣಯ್ಯ ಬೆಟ್ಟದ ಕಡೆ ನೋಡುತ್ತ ಹೇಳಿದ: "ಅನ್ನೊಂದು ವರ್ಸ. ಆರ್ನೇ ಕ್ಲಾಸು. ಯಾರೂ ಅಚ್ಲಿಲ್ಲ. ಅಪ್ಪ ಗಾಡಿಯಿಂದ ಬಿದ್ದು ಸೊಂಟ ಮುರ್ಕಂಡ್ರು. ಎಮ್ಮೆ ಇದ್ವು, ಗದ್ದೆ ಇತ್ತು, ಅವ್ವ ಒಬ್ಳೇ. ಮೇಷ್ಟ್ರು ಎಲ್ಡ್ ಸಲ ಮನೆಗಂಟ ಬಂದ್ರು, ಲೆಕ್ದಲ್ಲಿ ಉಸಾರವ್ನೆ, ಕಳ್ಸಿ ಅಂತ. ಆಗ್ಲಿಲ್ಲ. ಒಬ್ರಾರಾ ಓದ್ಲಿ ಅಂತ ಆಯ್ತು. ಇವ್ಳು ಸಣ್ಣೋಳು, ಇವ್ಳೇ ಓದ್ಲಿ ಅಂತ ಬುಟ್ಬುಟ್ಟೆ."

ನಾನು ಇಂಗ್ಲಿಷಿನಲ್ಲಿ ಹೇಳತೊಡಗಿದೆ. ಹನ್ನೊಂದು ವರ್ಷ. ಆರನೇ ತರಗತಿ. ಅಪ್ಪ ಬಿದ್ದದ್ದು, ಎಮ್ಮೆ, ಗದ್ದೆ. ಮೇಷ್ಟರು ಎರಡು ಸಲ ಬಂದದ್ದು. ಆಗಲಿಲ್ಲ. ಅಲ್ಲಿಗೆ ನಿಲ್ಲಿಸಿದೆ.

ರೆಗುಲಾ ಅಪ್ಪನಿಗೆ ಅಷ್ಟನ್ನೇ ತಲುಪಿಸಿದಳು. ಮುದುಕ ಏನೋ ಹೇಳಿದ. ರೆಗುಲಾ ಸಂಕೋಚದಿಂದ ನನ್ನ ಕಡೆ ನೋಡಿದಳು.

"ನಿಮ್ಮಣ್ಣ ಇನ್ನೂ ಏನೋ ಹೇಳಿದರು ಅನ್ನುತ್ತಿದ್ದಾರೆ ಅಪ್ಪ. ಕೊನೆಗೆ ನಿಮ್ಮ ಕಡೆ ತಿರುಗಿದರಂತೆ."

ಮೂವರೂ ನನ್ನನ್ನು ನೋಡುತ್ತಿದ್ದರು. ನಮ್ಮ ಅಪ್ಪ ಸೊಂಟ ಮುರಿದುಕೊಂಡಾಗ ನನಗೆ ಐದು ವರ್ಷ. ಅಣ್ಣಯ್ಯ ಶಾಲೆ ಬಿಟ್ಟವನೆಂದು ನನಗೆ ಯಾವಾಗಲೂ ಗೊತ್ತಿತ್ತು. ಅವನಿಗೆ ಓದು ಹತ್ತಲಿಲ್ಲವೆಂದು ಮನೆಯಲ್ಲಿ ಹೇಳುತ್ತಿದ್ದರು, ಅವನೂ ನಗುತ್ತ ಹಾಗೆಯೇ ಹೇಳಿಕೊಳ್ಳುತ್ತಿದ್ದ. ಮೇಷ್ಟರು ಮನೆತನಕ ಬಂದಿದ್ದ ಸಂಗತಿ ಐವತ್ತಮೂರು ವರ್ಷದ ನಾನು ಕೇಳಿದ್ದು ಆ ಪರದೇಶದ ಬೆಂಚಿನ ಮುಂದೆ. ಮದ್ದೂರಿನ ಹೈಸ್ಕೂಲಿಗೆ ನನ್ನನ್ನು ಸೈಕಲ್ಲಿನಲ್ಲಿ ಬಿಡುತ್ತಿದ್ದವನು ಅವನು. ಮಂಡ್ಯದ ಕಾಲೇಜಿಗೆ ಸೇರಿಸಲು ಬಂದು, ಎಲ್ಲಿ ಸಹಿ ಹಾಕಬೇಕೆಂದು ನನ್ನನ್ನು ಕೇಳಿದವನು ಅವನು.

"ನನ್ನನ್ನು ಓದಿಸಲು ಅವನು ಶಾಲೆ ಬಿಟ್ಟ," ಎಂದು ಇಂಗ್ಲಿಷಿನಲ್ಲಿ ಹೇಳಿದೆ. ನನಗೆ ಚೆನ್ನಾಗಿ ಬರುವ ಇಂಗ್ಲಿಷು. ಹೇಳಿ ಮುಗಿಸಿ ಸೆರಗಿನಿಂದ ಕಣ್ಣೊರೆಸಿಕೊಂಡೆ.

ವಾಲ್ಟರ್ ಕೈ ಚಾಚಿ ಅಣ್ಣಯ್ಯನ ಮಂಡಿಯನ್ನು ಎರಡು ಸಲ ತಟ್ಟಿದ. ಅಣ್ಣಯ್ಯ ನನ್ನನ್ನು ಗದರಿದ: "ಏನ್ ಯೋಳ್ದಮ್ಮಿ ಅವ್ರುಗೆ? ಅಳಾದ್ಯಾಕೆ? ಊರ್ ಬುಟ್ ಬಂದು ಮಾನ ಕಳೀಬ್ಯಾಡ."

ರೈಲಿನಲ್ಲಿ

ವಿಮಾನ ನಿಲ್ದಾಣಕ್ಕೆ ರೈಲು. ಆ ದೇಶದ ರೈಲಿನಲ್ಲಿ ಯಾರೂ ಜೋರಾಗಿ ಮಾತಾಡುವುದಿಲ್ಲ. ನಮ್ಮ ಗುಂಪಿನವರೂ ಆ ಹೊತ್ತಿಗೆ ಪಿಸುಮಾತು ಕಲಿತಿದ್ದರು. ಅಣ್ಣಯ್ಯ ಕಿಟಕಿಯ ಹತ್ತಿರ ಕೂತಿದ್ದ. ಒಂದು ಕೆರೆ ಬಂತು, ಹೋಯಿತು. ಇನ್ನೊಂದು ಬಂತು.

"ಆ ಹುಡ್ಗಿ ಹೆಸ್ರೇನು?" ಅಂದ.

"ಲೀನಾ."

"ಅವ್ಳಲ್ಲ. ಮಾದೇವಮ್ಮನ್ ಮಗ್ಳು."

"ರೂಪ."

"ರೂಪ," ಎಂದು ಮತ್ತೊಮ್ಮೆ ಹೇಳಿಕೊಂಡ. "ಎರಡ್ ವರ್ಸದಿಂದ ಅವ್ರವ್ವನ್ ಜತೆ ಬತ್ತಿತ್ತು. ಸೋಗೆ ಕಟ್ಟದ್ರಲ್ಲಿ ಬಲೇ ಚುರ್ಕು. ನಾನು ಹುಡ್ಗಿ ಅಂತ್ಲೇ ಕೂಗಾದು."

ನಾನು ಸಮಾಧಾನದ ಮಾತು ಹೇಳಬಹುದಿತ್ತು. ನಮ್ಮೂರಿನಲ್ಲಿ ಯಾರು ತಾನೇ ಕೂಲಿಯವರ ಮಕ್ಕಳ ಹೆಸರು ಕೇಳುತ್ತಾರೆ ಎಂದು. ಹೇಳಲಿಲ್ಲ. ನನಗೆ ಅವಳ ಹೆಸರು ಗೊತ್ತಿತ್ತು, ಹಾಜರಿ ಪುಸ್ತಕದ ನಂಬರೂ ಗೊತ್ತಿತ್ತು. ಬೇಸಿಗೆ ರಜ ಶುರುವಾಗುವ ತನಕ ಆ ಹೆಸರಿನ ಮುಂದೆ ಗೈರು ಎಂದು ಬರೆಯುತ್ತ ಬಂದಿದ್ದೆ.

"ಅವಳು ಮಳವಳ್ಳಿ ಹತ್ತಿರ ಇದಾಳೆ ಅಣ್ಣಯ್ಯ. ಚಿಕ್ಕವ್ವನ ಮನೇಲಿ. ಶಾಲೆಗೆ ಸೇರಿಲ್ಲ ಅನ್ಸುತ್ತೆ."

"ಅನ್ಸುತ್ತೆ ಅಂದ್ರೆ?"

"ನಾನು ವಿಚಾರಿಸಲಿಲ್ಲ."

ಅವನು ನನ್ನ ಕಡೆ ತಿರುಗಿ ಬಹಳ ಹೊತ್ತು ನೋಡಿದ. ಜನವರಿಯಲ್ಲಿ ನಾನು ಅವನನ್ನು ನೋಡಿದ ರೀತಿಯಲ್ಲಿ ಅಲ್ಲ. "ಓಗಿ ನೋಡ್ಕ ಬರುವಾ ಬುಡು," ಅಂದ.

ಮಳವಳ್ಳಿ ದಾರಿ

ಊರಿಗೆ ಬಂದ ನಾಲ್ಕನೆಯ ದಿನ ಮಹದೇವಮ್ಮನ ಮನೆಗೆ ಹೋದೆವು. ಅಣ್ಣಯ್ಯ ಅವಳ ಜಗಲಿಯ ಮೇಲೆ ಕೂತದ್ದು ಅದೇ ಮೊದಲು. ಅವಳು ನಿಂತೇ ಇದ್ದಳು.

"ಮೇಡಮ್ಮೋರು ಅವತ್ತು ಅಂಗ್ ಮಾಡ್ಬಾರ್ದಿತ್ತು ಗೌಡ್ರೇ," ಅಂದಳು, ನನ್ನನ್ನು ನೋಡದೆ. "ಮನೇಲಿ ಒಬ್ಳೇ ಬುಟ್ಟು ನಾನು ಕೂಲಿಗೋಗಕ್ಕಾಯ್ತದಾ? ಇಸ್ಕೂಲು ನಾಕ್ ಗಂಟೆಗೆ ಬುಟ್ರೆ ನಾನ್ ಬರಾದು ಏಳ್ ಗಂಟೆ. ದೊಡ್ಡೋಳಾಗವ್ಳೆ. ಗದ್ದೇಲಾದ್ರೆ ನನ್ ಕಣ್ಮುಂದೆ ಇರ್ತಾಳೆ."

ಇದು ನನಗೆ ಹೊಳೆದೇ ಇರಲಿಲ್ಲ. ಬಡತನ, ಅಜ್ಞಾನ ಎಂದು ಎರಡು ಮಾತಿನಲ್ಲಿ ನಾವು ಮೇಷ್ಟರುಗಳು ವರದಿ ಬರೆದುಬಿಡುತ್ತೇವೆ. ಮಗಳು ಕಣ್ಮುಂದೆ ಇರಲಿ ಎನ್ನುವುದಕ್ಕೆ ನಮ್ಮ ನಮೂನೆಯಲ್ಲಿ ಖಾನೆಯಿಲ್ಲ.

ಮೂವರೂ ಮದ್ದೂರಿಗೆ ಹೋಗಿ ಮಳವಳ್ಳಿ ಬಸ್ಸು ಹಿಡಿದೆವು. ಆ ಊರು ಮುಖ್ಯರಸ್ತೆಯಿಂದ ಒಳಕ್ಕೆ ಎರಡು ಮೈಲಿ, ಎರಡೂ ಕಡೆ ಹಿಪ್ಪುನೇರಳೆ ತೋಟ. ಚಿಕ್ಕವ್ವನ ಮನೆಯ ಹಿಂದೆ ರೇಷ್ಮೆಹುಳು ಸಾಕುವ ಉದ್ದನೆಯ ಕೋಣೆ. ಹುಳುಗಳು ನಾಲ್ಕನೇ ಜ್ವರದಿಂದ ಎದ್ದಿದ್ದವು. ಅಂದರೆ ಕೊನೆಯ ಸಲ ಪೊರೆ ಬಿಟ್ಟು, ಗೂಡು ಕಟ್ಟುವ ತನಕ ಎಡೆಬಿಡದೆ ತಿನ್ನುವ ಕಾಲ. ರೂಪ ಸೊಪ್ಪಿನ ಹೊರೆ ಬಿಚ್ಚಿ ತಟ್ಟೆಗಳ ಮೇಲೆ ಹರಡುತ್ತಿದ್ದಳು. ಬೆಳೆದಿದ್ದಳು. ಅವ್ವನನ್ನು ಕಂಡು ಮುಖ ಅರಳಿತು, ನನ್ನನ್ನು ಕಂಡು ಮುದುಡಿತು.

ಚಿಕ್ಕವ್ವ ಕೆಟ್ಟವಳಲ್ಲ. "ನಾವೇನ್ ಜೀತಕ್ಕಿಟ್ಕಂಡಿಲ್ಲ," ಎಂದು ಮೊದಲೇ ಹೇಳಿದಳು. "ನಮ್ ಮಕ್ಳು ತಿಂದಿದ್ನೇ ತಿಂತಾಳೆ. ಕೆಲ್ಸ ಕಲೀಲಿ ಅಂತ." ಅವಳ ಇಬ್ಬರು ಮಕ್ಕಳ ಶಾಲೆಯ ಚೀಲಗಳು ಗೋಡೆಯ ಮೊಳೆಯಲ್ಲಿ ನೇತಾಡುತ್ತಿದ್ದವು.

ಅಣ್ಣಯ್ಯ ಕೋಣೆಯ ಬಾಗಿಲಲ್ಲೇ ಚಪ್ಪಲಿ ಬಿಟ್ಟು ಕುಕ್ಕರುಗಾಲಲ್ಲಿ ಕೂತ. "ರೂಪವ್ವ, ಬಾ ಇಲ್ಲಿ," ಅಂದ. ಗೌಡರ ಬಾಯಲ್ಲಿ ತನ್ನ ಹೆಸರು ಕೇಳಿ ಅವಳು ಅವ್ವನನ್ನು ನೋಡಿದಳು. ಆಮೇಲೆ ಬಂದಳು.

"ನಾವು ದೊಡ್ಡೋರು ಮಾತಾಡ್ಕಂತಾವಿ. ನಿಂಗೇನ್ ಬೇಕು, ಅದ್ ಯೋಳು."

ಅವಳು ಕೈಗೆ ಅಂಟಿದ್ದ ಸೊಪ್ಪಿನ ಹಾಲನ್ನು ಲಂಗಕ್ಕೆ ಒರೆಸಿಕೊಂಡಳು. ಹುಳುಗಳು ಎಲೆ ತಿನ್ನುವ ಸದ್ದು ಮಾತ್ರ. ನಾನು ಬಾಯಿ ಹಾಕಲು ಹೋದೆ. ಅಣ್ಣಯ್ಯ ಕೈಯೆತ್ತಿ ತಡೆದ.

"ನಮ್ಮೂರ್ಗೆ ಬತ್ತೀನಿ," ಅಂದಳು ಕೊನೆಗೆ. "ನಮ್ಮವ್ವನ್ ತಾವ ಇರ್ಬೇಕು. ಇಸ್ಕೂಲ್ಗೂ ಬತ್ತೀನಿ. ಆದ್ರೆ..." ನನ್ನನ್ನು ನೋಡಿ ನಿಲ್ಲಿಸಿದಳು.

"ಯೋಳವ್ವ."

"ಮಿಸ್ಸು ಕಾಲ್ ತೊಳ್ಕಳಕೂ ಬುಡ್ಲಿಲ್ಲ. ಎಲ್ರೂ ನನ್ ಕಾಲೇ ನೋಡ್ತಿದ್ರು."

ಇಪ್ಪತ್ತೆಂಟು ವರ್ಷ ಪಾಠ ಮಾಡಿದ ಮೇಲೆ ಒಂದು ಮಗುವಿನ ಕ್ಷಮೆ ಕೇಳುವುದು ಹೇಗೆಂದು ನನಗೆ ಗೊತ್ತಿರಲಿಲ್ಲ. "ತಪ್ಪಾಯ್ತು ರೂಪ," ಅಂದೆ. ಅಷ್ಟೇ ಬಂತು. ಅವಳು ತಲೆಯಾಡಿಸಿದಳು. ಒಪ್ಪಿದಳೋ, ಕೇಳಿಸಿತು ಎಂದಳೋ ತಿಳಿಯಲಿಲ್ಲ.

ಶಾಲೆಯ ಗೇಟು

ಈ ಬೆಳೆ ಗೂಡು ಕಟ್ಟುವ ತನಕ ಇರಲಿ ಎಂದು ಚಿಕ್ಕವ್ವ ಕೇಳಿಕೊಂಡಳು. ರೂಪಳೇ ಹೂಂ ಅಂದಳು. ಹತ್ತು ದಿನದ ಮೇಲೆ ಬಂದಳು. ಎಂಟನೇ ತರಗತಿಯ ಬಿಟ್ಟ ಪಾಠಗಳನ್ನು ಸಂಜೆ ಹೇಳಿಕೊಟ್ಟು ಒಂಬತ್ತಕ್ಕೆ ಕೂರಿಸುವುದೆಂದು ನಮ್ಮ ಮುಖ್ಯೋಪಾಧ್ಯಾಯರು ಒಪ್ಪಿದರು. ಶಾಲೆ ಬಿಟ್ಟ ಮೇಲೆ ಮಹದೇವಮ್ಮ ಬರುವ ತನಕ ಅವಳು ಅತ್ತಿಗೆಯ ಮನೆಯಲ್ಲಿ ಓದಿಕೊಳ್ಳುತ್ತಾಳೆ. ಅಲ್ಲಿ ಅವಳಿಗೆ ಕೆಲಸ ಹೇಳಕೂಡದು ಎಂದು ನಾನು ಕರಾರು ಮಾಡಿದೆ. "ಕಾಫಿ ಕುಡ್ದ್ ಲೋಟ ತೊಳ್ದಿಟ್ರೆ ಅದೂ ನಿನ್ ಕಾನೂನಿಗೆ ಬತ್ತದಾ?" ಎಂದು ಅತ್ತಿಗೆ ಕೇಳಿದರು. ಬರುವುದಿಲ್ಲ ಎಂದೆ.

ಎಲ್ಲ ಸರಿಹೋಯಿತೆಂದು ನಾನು ಹೇಳಲಾರೆ. ನಾಟಿಯ ವಾರ ಅವಳು ಎರಡು ದಿನ ಬರಲಿಲ್ಲ. ಈ ಸಲ ಬಸ್ಸು ಇಳಿದು ಗದ್ದೆಗೆ ಹೋಗಲಿಲ್ಲ. ಸಂಜೆ ಮನೆಗೆ ಹೋಗಿ ಮಹದೇವಮ್ಮನ ಜೊತೆ ಮಾತಾಡಿದೆ. ಊರಿನಲ್ಲಿ ಅಣ್ಣಯ್ಯನ ಬಗ್ಗೆ ಕುಹಕದ ಮಾತೂ ಇದೆ. ಹದಿನಾಲ್ಕು ತುಂಬದ ಮಕ್ಕಳನ್ನು ಗೌಡ ಗದ್ದೆಗೆ ಬಿಟ್ಟುಕೊಳ್ಳುವುದಿಲ್ಲವಂತೆ, ಫಾರಿನ್ನಿಗೆ ಹೋಗಿಬಂದ ಮೇಲೆ ದೊಡ್ಡ ಮನುಷ್ಯನಾಗಿದ್ದಾನಂತೆ. ಸೋಗೆ ಕಟ್ಟುವವರು ಸಾಲದೆ ಅವನೇ ಬಗ್ಗಿ ಕಟ್ಟುತ್ತಾನೆ.

ರೂಪಳನ್ನು ಮತ್ತೆ ಶಾಲೆಗೆ ಸೇರಿಸಿದ ದಿನ ಕರೆತಂದವನು ಅಣ್ಣಯ್ಯನೇ. ಮಹದೇವಮ್ಮನಿಗೆ ಅಂದು ಕೂಲಿ ತಪ್ಪಿಸುವ ಹಾಗಿರಲಿಲ್ಲ. ಅವಳು ಒಳಗೆ ಹೋದ ಮೇಲೂ ಅವನು ಗೇಟಿನ ಹತ್ತಿರ ಬೈಕು ನಿಲ್ಲಿಸಿಕೊಂಡು ನಿಂತಿದ್ದ. ಕಿಟಕಿಯಿಂದ ಗಣಿತದ ಮೇಷ್ಟರ ದನಿ ಕೇಳುತ್ತಿತ್ತು. ನಾನು ಹತ್ತಿರ ಹೋದೆ. ಪರದೇಶದಿಂದ ಬಂದಂದಿನಿಂದ ನಾಲಗೆಯ ತುದಿಯಲ್ಲಿದ್ದ ಮಾತು.

"ಅಣ್ಣಯ್ಯ, ನಿನಗೆ ಓದಬೇಕು ಅಂತ ಆಸೆ ಇತ್ತಾ?"

ಅವನು ಬೈಕಿನ ಕನ್ನಡಿಯ ಮೇಲಿದ್ದ ಧೂಳನ್ನು ಹೆಬ್ಬೆರಳಿನಿಂದ ಒರೆಸಿದ.

"ಇತ್ತು ಕಣಮ್ಮಿ," ಅಂದ. "ಬಾಳ ಇತ್ತು."

ಅಷ್ಟರಲ್ಲಿ ಎರಡನೇ ಪೀರಿಯಡ್ಡಿನ ಬೆಲ್ಲು ಹೊಡೆಯಿತು. ಅವನು ಬೈಕಿಗೆ ಕಿಕ್ಕು ಹೊಡೆದ.

"ಓಗು, ಒಳೀಕೋಗು. ಐಕ್ಳು ಕಾಯ್ತಾವೆ."